ನನ್ನ ಕುತ್ತಿಗೆಯ ಹವಾಮಾನ

ಟಾರ್ಚ್ ಒತ್ತಿ ಹಿಡಿದರೆ ಅದು ಹೊಳೆಯುತ್ತಿತ್ತು. ದೀಪವನ್ನು ಮುಷ್ಟಿಯಲ್ಲಿ ಮುಚ್ಚಿದಾಗ ಬೆರಳ ಸಂದಿನಲ್ಲಿ ಕಾಣುವ ತಿಳಿಗೆಂಪು ಬಣ್ಣ. ನಡುವೆ ಎರಡು ಕಪ್ಪು ಗೆರೆ, ಮೋಸಂಬಿಯ ತೊಳೆಗಳ ನಡುವಿನ ಪರೆಯ ಹಾಗೆ. ಮಿರಜಿನ ಡಾಕ್ಟರು ಕೋಣೆಯ ಕಿಟಕಿ ಮುಚ್ಚಿಸಿ, ನನ್ನ ಕೈಗೆ ಕನ್ನಡಿ ಕೊಟ್ಟು, ಇದನ್ನು ಒಂದು ಸಲ ತೋರಿಸಿದರು.

ಅದು ನನ್ನ ಕುತ್ತಿಗೆಯ ಎಡಬದಿಗೆ, ಕಿವಿಯ ಹಾಲೆಯ ನೇರ ಕೆಳಗೆ ಇದ್ದ ಗಂಟು. ಹುಟ್ಟಿದಾಗಿನಿಂದ ಇತ್ತು. ನೋವಿರಲಿಲ್ಲ. ಒತ್ತಿದರೆ ಒಳಗಿನ ನೀರು ಆಚೆ ಸರಿದು, ಬೆರಳು ತೆಗೆದ ಮೇಲೆ ನಿಧಾನಕ್ಕೆ ವಾಪಸು ಬರುತ್ತಿತ್ತು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಜಡೆಯನ್ನು ಎಡಭುಜದ ಮೇಲೆ ಹಾಕಿಕೊಂಡು, ಮೇಲೆ ಸೆರಗು ಹೊದ್ದು ಎರಡು ವರ್ಷ ಕಳೆದೆ. ಹಾಸ್ಟೆಲಿನಲ್ಲಿ ನನ್ನನ್ನು ಬಹಳ ಸಂಪ್ರದಾಯಸ್ಥೆ ಎಂದುಕೊಂಡಿದ್ದರು. ನಾನು ತಿದ್ದಲಿಲ್ಲ.

ಡಾಕ್ಟರು ಹೇಳಿದ್ದು ಹೀಗೆ. ಮೈಯಲ್ಲಿ ರಕ್ತನಾಳಗಳಲ್ಲದೆ ಇನ್ನೊಂದು ಜಾಲವಿದೆ, ದುಗ್ಧರಸ ಎಂಬ ತಿಳಿದ್ರವವನ್ನು ಸಾಗಿಸುವ ನಾಳಗಳದ್ದು. ನಾನು ಅವ್ವನ ಹೊಟ್ಟೆಯಲ್ಲಿದ್ದಾಗ ಅವುಗಳಲ್ಲಿ ಕೆಲವು ಸೇರಬೇಕಾದಲ್ಲಿ ಸೇರದೆ ಅಲ್ಲೇ ಚೀಲ ಕಟ್ಟಿಕೊಂಡು ಬೆಳೆದುಬಿಟ್ಟಿವೆ. ಕ್ಯಾನ್ಸರ್ ಅಲ್ಲ. ಆದರೆ ಆ ಚೀಲದ ಗೋಡೆಯಲ್ಲಿ ಬಿಳಿ ರಕ್ತಕಣಗಳು ಠಾಣೆ ಹಾಕಿರುತ್ತವೆ. ಮೂಗಿಗೋ ಗಂಟಲಿಗೋ ಸೋಂಕು ತಗುಲಿದರೆ ಸಾಕು, ಅವು ಎದ್ದು ಹೊಡೆದಾಟಕ್ಕೆ ನಿಲ್ಲುತ್ತವೆ, ಚೀಲದಲ್ಲಿ ನೀರು ತುಂಬುತ್ತದೆ, ಗಂಟು ಬಾಯುತ್ತದೆ. ನೆಗಡಿ ಹೋದ ಮೇಲೆ ಇಳಿಯುತ್ತದೆ.

"ಕಾಳಜಿ ಕರೂ ನಕಾ, ಚಿಂತಿ ಮಾಡಬ್ಯಾಡ," ಎಂದರು. ಅವರ ಕನ್ನಡ ಮರಾಠಿಯ ಹೆಗಲೇರಿ ಬರುತ್ತಿತ್ತು. "ತೆಗೀತೀನಿ. ಖರೆ, ಒಂದ ತಿಂಗಳ ಅದು ಸುಮ್ನ ಕುಂತಿರಬೇಕ. ಬಾತಾಗ ನಾ ಕತ್ರಿ ಹಚ್ಚಾಂಗಿಲ್ಲ. ಒಂದ ತಿಂಗಳ ನೆಗಡಿ ಇಲ್ಲದಂಗ ಇದ್ದ ಬಾ."

ಜೂನ್‌ನಲ್ಲಿ ನಾನು ಚಿಕ್ಕೋಡಿಯ ಒಂದು ಕಾಲೇಜಿಗೆ ಪಾಠ ಹೇಳಲು ಸೇರಬೇಕಿತ್ತು. ಅಷ್ಟರೊಳಗೆ ಆಪರೇಷನ್ ಆಗಬೇಕು, ಇದೊಂದೇ ನನಗೆ ಬೇಕಾಗಿದ್ದದ್ದು. ಚೆಲುವಿನ ಪ್ರಶ್ನೆಯಲ್ಲ. ಯಾರೂ ವಿಚಾರಿಸದ ಕುತ್ತಿಗೆಯೊಂದು ನನಗೆ ಬೇಕಿತ್ತು. ಏಕೆಂದರೆ ಆ ವೇಳೆಗೆ ಇಡೀ ಊರು ದಿನಾ ಬೆಳಿಗ್ಗೆ ನನ್ನ ಕುತ್ತಿಗೆಯನ್ನು ವಿಚಾರಿಸುತ್ತಿತ್ತು.

ನಮ್ಮದು ಉಗಾರ ಬುದ್ರುಕದಿಂದ ಸ್ವಲ್ಪ ಮೇಲೆ, ಅಥಣಿಯ ಕಡೆಗಿನ ಊರು. ಹೊಳೆಯ ಬದಿಗೆ ಕಬ್ಬು, ಮೇಲಿನ ಕಲ್ಲುನೆಲದ ಮಡ್ಡಿಯಲ್ಲಿ ದ್ರಾಕ್ಷಿ. ಕಬ್ಬಿನವರು ನಿದ್ದೆ ಮಾಡುತ್ತಾರೆ, ದ್ರಾಕ್ಷಿಯವರು ಮಾಡುವುದಿಲ್ಲ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿದ ದಿನದಿಂದ ಮಾರ್ಚಿನಲ್ಲಿ ಗೊನೆ ಇಳಿಸುವವರೆಗೆ ಅವರ ಕಣ್ಣು ಆಕಾಶದ ಮೇಲೆ. ಒಂದು ದಿನ ಮೋಡ ಕವಿದು ಮಂಜು ಬಿದ್ದರೆ ಎಲೆಗೆ ಬೂಷ್ಟು ಹತ್ತಿ ಹೂವು ಉದುರುತ್ತದೆ. ಮೈಲುತುತ್ತ, ಸುಣ್ಣ ಕಲಸಿದ ನೀಲಿ ಔಷಧವನ್ನು ಮೋಡ ಬರುವ ಮುಂಚೆಯೇ ಹೊಡೆಯಬೇಕು. ಬಂದ ಮೇಲೆ ಹೊಡೆದರೆ ಬೂಷ್ಟು ನೀಲಿಯಾಗುತ್ತದೆ, ಅಷ್ಟೇ. ಮುಂಚೆ ಎಂದರೆ ಯಾವಾಗ ಎಂದು ಹೇಳುವವರಿರಲಿಲ್ಲ. ರೇಡಿಯೊದವರಿಗೆ ಕರಾವಳಿ ಗೊತ್ತಿತ್ತು, ಒಳನಾಡು ಗೊತ್ತಿತ್ತು. ಗಡಿಯ ಮೇಲಿನ ಮಡ್ಡಿಯನ್ನು ಕರ್ನಾಟಕದವರು ಮಹಾರಾಷ್ಟ್ರಕ್ಕೂ ಮಹಾರಾಷ್ಟ್ರದವರು ಕರ್ನಾಟಕಕ್ಕೂ ಬಿಟ್ಟುಕೊಟ್ಟಿದ್ದರು.

ಇದರ ಹಿಂದಿನ ವರ್ಷ, ಡಿಸೆಂಬರ್ ರಜೆಗೆ ಬಂದ ನನಗೆ ನೆಗಡಿಯಾಗಿ ಗಂಟು ಬಾತಿತು. ಅಪ್ಪ ಅದೇ ದಿನ ತೋಟಕ್ಕೆ ಔಷಧ ಹೊಡೆಸಿದ. ಡ್ರಮ್ಮಿನಲ್ಲಿ ಕಲಸಿದ್ದು ಉಳಿದಿತ್ತು, ಕೆಡಬಾರದು ಎಂಬುದಷ್ಟೇ ಕಾರಣ. ಚಹಾದಂಗಡಿಯಲ್ಲಿ ಯಾರೋ, "ಬಿಸಲ ಇಷ್ಟ ಛಲೋ ಐತಿ, ಯಾಕ ಹೊಡಸಾಕತ್ತಿ?" ಎಂದು ಕೇಳಿದರಂತೆ. "ಮಗಳ ಕೊಳ್ಳ ಬಾತೈತಿ, ಮಾಡ ಬರತೈತಿ," ಎಂದನಂತೆ ಅಪ್ಪ. ನನಗೆ ತಿಳಿದ ಮಟ್ಟಿಗೆ ಅವನು ಜೀವನದಲ್ಲಿ ಮಾಡಿದ ಒಂದೇ ತಮಾಷೆ ಅದು. ಮೂರನೆಯ ದಿನ ಮೋಡ ಕವಿಯಿತು, ಹನಿ ಬಿತ್ತು. ಸುತ್ತಲಿನ ತೋಟಗಳೆಲ್ಲ ಹೋದವು. ನಮ್ಮದು ಉಳಿಯಿತು.

ಆಮೇಲೆ ಅದು ತಮಾಷೆ ಎಂದು ಅಪ್ಪ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಗುಟ್ಟು ಬಿಟ್ಟುಕೊಡಲೊಲ್ಲ ಎಂದರು.

ಓದು ಮುಗಿಸಿ ನಾನು ಊರಿಗೆ ಬಂದು ನಿಂತ ಚಳಿಗಾಲಕ್ಕೆ ಇದೊಂದು ವ್ಯವಸ್ಥೆಯೇ ಆಗಿತ್ತು. ಮದುವೆಯಾಗದ ಹುಡುಗಿಯ ಕುತ್ತಿಗೆಯನ್ನು ಗಂಡಸರು ನೇರ ನೋಡುವಂತಿಲ್ಲ. ಆದ್ದರಿಂದ ಅವರು ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು, ಬೀದಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಆಚೆಮನೆಯ ಕಾಕಾ ಎಲ್ಲರ ಪರವಾಗಿ ಕೇಳುತ್ತಿದ್ದ. ಹಿಂದಿನ ವರ್ಷ ಅವನ ತೋಟ ಪೂರ್ತಿ ಹೋಗಿತ್ತು. ಅವನ ಕಿಸೆಯಲ್ಲಿ ಸದಾ ನಿಪ್ಪಾಣಿಯ ತಪಕೀರಿನ ಡಬ್ಬಿ. ನಶ್ಯ ಏರಿಸಿ, ಸೀನಿ, ಮೂಗು ಒರೆಸಿಕೊಂಡು ಶುರು ಮಾಡುತ್ತಿದ್ದ.

"ವೈನೀ, ಇವತ್ತ ಹೆಂಗೈತ್ರಿ?"

ಒಳಗಿನಿಂದ ಅವ್ವ ನನ್ನ ಸೆರಗು ಸರಿಸಿ ನೋಡಿ ಕೂಗುತ್ತಿದ್ದಳು: "ಬಾರಿಕಾಯಿ ಅಷ್ಟ ಐತ್ರಿ."

ಅವ್ವ ಸುಳ್ಳು ಹೇಳುವವಳಲ್ಲ. ಬಾರಿಕಾಯಿ, ಬೋರೆಹಣ್ಣಿನಷ್ಟು, ಎಂದರೆ ಔಷಧ ಬೇಡ. ನಿಂಬಿಕಾಯಿ ಎಂದರೆ ಒಂದು ಸಲ. ಪೇರಲ ಎಂದರೆ ಎರಡು ಸಲ, ನಡುವೆ ಗಂಧಕ. ಕಾಗವಾಡದ ಕಡೆಯಿಂದ ಸೈಕಲ್ಲಿನಲ್ಲಿ ಬಂದು, ಇಳಿಯದೆ, ಒಂದು ಕಾಲು ನೆಲಕ್ಕೂರಿ ಹಣ್ಣಿನ ಹೆಸರು ಕೇಳಿಕೊಂಡು ಹೋಗುವವರಿದ್ದರು. ನಿಪ್ಪಾಣಿಯಿಂದ ಬಂದ ಸೋದರಮಾವ ಎಲ್ಲವನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊರಡುವ ಮುಂಚೆ ಮಾತ್ರ ಬಾಗಿಲಲ್ಲಿ ತಡೆದು ನಿಂತು, "ಅಲ್ಲ ಅಕ್ಕಾ, ತಂಬಾಕಿಗೂ ನಡೀತೈತೇನ ಇದು?" ಎಂದು ಮೆಲ್ಲಗೆ ಕೇಳಿದ.

ನನಗೆ ಸಿಟ್ಟು ಬರುತ್ತಿದ್ದದ್ದು ಅವರ ಮೂಢತನಕ್ಕಲ್ಲ, ಅದು ಪೂರ್ತಿ ತಪ್ಪಲ್ಲ ಎಂಬುದಕ್ಕೆ. ಹವೆ ತಿರುಗುವ ಹೊತ್ತಿಗೆ ಊರಿನಲ್ಲಿ ನೆಗಡಿ ಹರಡುತ್ತದೆ. ನೆಗಡಿ ಹರಡಿದರೆ ನನ್ನ ಗಂಟು ಬಾಯುತ್ತದೆ. ಆದರೆ ಆ ನೆಗಡಿ ನನಗೆ ಬರುತ್ತಿದ್ದದ್ದು ಹವೆಯಿಂದಲ್ಲ, ಹವೆ ಕೇಳಲು ಬಂದವರಿಂದ. ಅವರು ಬರುತ್ತಾರೆ, ಸೀನುತ್ತಾರೆ. ಎರಡು ದಿನಕ್ಕೆ ಗಂಟು ನಿಂಬಿಕಾಯಿಯಾಗುತ್ತದೆ. ನಿಂಬಿಕಾಯಿ ಎಂದು ಕೇಳಿ ಇನ್ನಷ್ಟು ಜನ ಬರುತ್ತಾರೆ, ಅದು ಪೇರಲವಾಗುತ್ತದೆ. ಹೀಗಿರುವಾಗ ಡಾಕ್ಟರು ಹೇಳಿದ ಒಂದು ತಿಂಗಳು ಎಲ್ಲಿಂದ ಬರಬೇಕು?

ಒಂದು ದಿನ ಕಿಟಕಿಯ ಬಳಿ ನಿಂತು ಕಾಕಾನಿಗೆ ಇದನ್ನು ಬಿಡಿಸಿ ಹೇಳಿದೆ. ಬಿಳಿ ಕಣಗಳಿಂದ ಶುರು ಮಾಡಿದೆ. ಅವನು ಬೀದಿ ನೋಡುತ್ತಲೇ ಗಮನವಿಟ್ಟು ಕೇಳಿದ.

"ಅಂದ್ರ ನನ್ನ ನೆಗಡಿ ನಿನಗ ಬಂದ ಅದು ಬಾಯ್ತೈತಿ, ಹೌದಿಲ್ಲೋ?"

"ಹೌದ್ರಿ ಕಾಕಾ."

"ನನಗ ನೆಗಡಿ ಯಾವಾಗ ಬರತೈತಿ? ಮಾಡ ಆಗೂ ಮುಂದ. ಹೌದಿಲ್ಲೋ?"

"ಹಂಗೇನಿಲ್ಲ, ಆದ್ರ—"

"ಮತ್ತ ಲೆಕ್ಕ ಕೂಡತಲ್ಲ!" ಎಂದು ಅವನು ಉಳಿದವರತ್ತ ತಿರುಗಿದ. "ನೋಡ್ರಲೇ, ಎಮ್ಮೆಸ್ಸಿ ಮಾಡಿದಾಕಿನೂ ಅದನ್ನ ಹೇಳಾಕತ್ತಾಳ."

ಆಪರೇಷನ್ ಸುದ್ದಿ ಊರಿಗೆ ಹಬ್ಬಿದ ಮೇಲೆ ಒಂದು ಮಧ್ಯಾಹ್ನ ಕಾಕಾ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಮೂವರೂ ಇಸ್ತ್ರಿ ಮಾಡಿದ ಬಿಳಿ ಟೋಪಿ ಹಾಕಿದ್ದರು. ಹೆಣ್ಣು ಕೇಳಲು ಬಂದಿದ್ದಾರೆಂದು ತಿಳಿದು ಅವ್ವ ಅವಲಕ್ಕಿಗೆ ಒಗ್ಗರಣೆ ಹಾಕಿದಳು. ಅವಲಕ್ಕಿ ತಿಂದಾದ ಮೇಲೆ ಕಾಕಾ ಟೋಪಿ ಸರಿಮಾಡಿಕೊಂಡ.

"ಅಣ್ಣಾ, ಒಂದ ವಿನಂತಿ ಐತಿ. ಆಪರೇಶನ್ ಈ ಮಾಲ್ ಇಳಿಯೂತನಕ ತಡೀಬೇಕ."

"ಡಾಕ್ಟರ್ ಬಾ ಅಂದಾರಪಾ," ಎಂದ ಅಪ್ಪ.

"ಡಾಕ್ಟರಗ ದ್ರಾಕ್ಷಿ ತ್ವಾಟ ಐತೇನ?"

ಹಿರಿಯರಲ್ಲಿ ಒಬ್ಬ ಬಹಳ ಹೊತ್ತು ಯೋಚಿಸಿ ಮಧ್ಯದ ದಾರಿ ಸೂಚಿಸಿದ: "ಪೂರ್ತಿ ಯಾಕ ತಗಸ್ತೀರಿ? ಅರ್ಧಾ ತಗಸ್ರಿ. ಅರ್ಧಾ ಇರಲಿ, ಊರ ಕೆಲಸಕ್ಕ."

ಅಪ್ಪ, "ನೋಡೂಣು," ಎಂದ. ಎದುರು ಕೂತವರಿಗೆ ಇಲ್ಲ ಎನ್ನಲು ಅವನಿಗೆ ಬರುವುದಿಲ್ಲ. ಅವನ 'ನೋಡೂಣು' ಎಂದರೆ ಹೂಂ ಎಂದೇ. ಅವರು ಹೋದ ಮೇಲೆ ನಾನು ಹೊರಗೆ ಬಂದು, "ಅಪ್ಪಾ, ಇದು ನನ್ನ ಕೊಳ್ಳ," ಎಂದೆ.

"ಹೌದವಾ, ನಿಂದ." ಅವಲಕ್ಕಿಯ ತಟ್ಟೆಗಳನ್ನು ಒಂದರೊಳಗೊಂದು ಇಡುತ್ತ ಹೇಳಿದ: "ಖರೆ ಊರಾಗ ಐತಿ."

ಜನವರಿಯ ಒಂದು ಬೆಳಿಗ್ಗೆ ಮಂಜು ಬಿದ್ದಿತ್ತು. ಕಾಕಾ ಕಂಬಳಿ ಹೊದ್ದು ಬಂದ. ಅವನಿಗೆ ನಾಲ್ಕು ದಿನದಿಂದ ಜ್ವರ, ಗಂಟಲು ಬಾತು ದನಿ ಬಿದ್ದುಹೋಗಿತ್ತು. ಮನೆಯವರು ಏಳಬೇಡ ಎಂದರೂ ಮಂಜು ನೋಡಿ ತಡೆಯಲಾರದೆ ಎದ್ದು ಬಂದಿದ್ದ. ನಾನು ಕಿಟಕಿಯ ಬಳಿ ಓದುತ್ತ ಕೂತಿದ್ದೆ. ದನಿ ಏಳಲೆಂದು ಅವನು ಒಂದು ದೊಡ್ಡ ಚಿಟಿಕೆ ತಪಕೀರು ಏರಿಸಿದ. ಸೀನು ಕಿಟಕಿಯ ಕಡೆಗೇ ಬಂತು. ಕಿಟಕಿಯ ಸರಳುಗಳು ಕಳ್ಳರನ್ನು ತಡೆಯಲು ಇರುವಂಥವು.

ಮೂರನೆಯ ದಿನ ನನಗೆ ಜ್ವರ ಏರಿತು. ಗಂಟು ಕೆಂಪಾಗಿ, ಬಿಸಿಯಾಗಿ, ಗಲ್ಲದ ಕೆಳಗಿನವರೆಗೆ ಹರಡಿತು. ಬೆಳಿಗ್ಗೆ ಕಟ್ಟೆಯ ಮೇಲೆ ಎಂದಿನಂತೆ ಜನ ಕೂತಿದ್ದರು. ಅವ್ವ ನನ್ನನ್ನು ನೋಡಿ ಗಾಬರಿಯಾದಳು. ಆದರೂ ಹೊರಗಿನಿಂದ ಪ್ರಶ್ನೆ ಬಂದಾಗ ಅಭ್ಯಾಸಬಲದಿಂದ ಸರಿಯಾದ ಹಣ್ಣನ್ನೇ ಹುಡುಕಿದಳು.

"ಮೋಸಂಬೀ!" ಎಂದು ಕೂಗಿ ಅಳತೊಡಗಿದಳು.

ಹೊರಗೆ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಮೋಸಂಬಿಗೆ ಎಷ್ಟು ಸಲ ಹೊಡೆಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು ಓಡಿದರು.

ಅಪ್ಪ ಮಾತ್ರ ತೋಟಕ್ಕೆ ಹೋಗಲಿಲ್ಲ. ಬಾಡಿಗೆ ಜೀಪು ತಂದು ನನ್ನನ್ನು ಮಿರಜಿಗೆ ಕರೆದೊಯ್ದ. ದಾರಿಯಲ್ಲಿ ನನಗೆ ಉಗುಳು ನುಂಗಲಾಗುತ್ತಿರಲಿಲ್ಲ. ಉಸಿರು ಒಂದು ಸಣ್ಣ ಸೀಟಿಯ ಸದ್ದಿನೊಂದಿಗೆ ಬರುತ್ತಿತ್ತು. ಆ ಸದ್ದನ್ನು ನಾನು ಯಾರದೋ ಎಂಬಂತೆ ಕೇಳಿಸಿಕೊಂಡೆ. ಅಪ್ಪ ಒಂದು ಸಲವೂ ಆಕಾಶ ನೋಡಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ, ಸಲಾಯಿನ್. ಜ್ವರ ಇಳಿದ ಮೇಲೆ ಡಾಕ್ಟರು ಅಪ್ಪನನ್ನು ನಿಲ್ಲಿಸಿ ಹೇಳಿದರು: "ಇನ್ನೊಂದ ಬೆರಳ ಒಳಗ ಬಾತಿದ್ರ ಉಸಿರ ಕಟ್ಟತಿತ್ತ. ದೊಡ್ಡಾಕಿ ಅಂತ ಉಳದಾಳ. ಈಗ ಆಪರೇಶನ್ ಮಾತ ಬ್ಯಾಡ."

ಊರಿಗೆ ವಾಪಸು ಬರುವಾಗ ಮಡ್ಡಿ ನೀಲಿಯಾಗಿತ್ತು. ಎಲೆ, ಕಂಬ, ತಂತಿ, ದಾರಿಯ ಮೇಲಿನ ಕಲ್ಲು, ಕಾಕಾನ ಬಿಳಿ ನಾಯಿ, ಎಲ್ಲವೂ. ಗಂಡಸರ ಕೈ ಮೊಣಕೈವರೆಗೆ ನೀಲಿ. ಮೋಸಂಬಿಗೆ ಲೆಕ್ಕ ಸಿಗದೆ ಅವರು ಔಷಧ ತೀರುವವರೆಗೆ ಹೊಡೆದಿದ್ದರು. ಮೇಲೆ ಆಕಾಶವೂ ಅದೇ ಬಣ್ಣದಲ್ಲಿ, ಒಂದು ಚೂರು ಮೋಡವಿಲ್ಲದೆ ನಿಂತಿತ್ತು. ಸುಗ್ಗಿ ಮುಗಿಯುವವರೆಗೂ ಹಾಗೇ ನಿಂತಿತು.

ನನ್ನ ಮೇಲೆ ಯಾರೂ ಸಿಟ್ಟಾಗಲಿಲ್ಲ. ಔಷಧ ಅಷ್ಟು ಬಿದ್ದದ್ದಕ್ಕೇ ಮೋಡ ಹೆದರಿ ಹೋಯಿತು ಎಂದರು.

ಆದರೆ ಗಂಟು ಬೇರೆ ದಾರಿ ಹಿಡಿದಿತ್ತು. ಅದು ಮೊದಲಿನಂತೆ ಮೆತ್ತಗಾಗಲಿಲ್ಲ. ಗಟ್ಟಿಯಾಯಿತು, ಆಮೇಲೆ ಸಣ್ಣದಾಗತೊಡಗಿತು. ಅವ್ವ ದಿನಾ ಸೆರಗು ಸರಿಸಿ ನೋಡಿ ಹೇಳುವುದನ್ನು ಬಿಡಲಿಲ್ಲ: ಪೇರಲ, ನಿಂಬಿಕಾಯಿ, ಬಾರಿಕಾಯಿ. ಊರಿನ ಗೊನೆಗಳು ಒಣದ್ರಾಕ್ಷಿಯಾಗಲು ಚಪ್ಪರಕ್ಕೆ ಏರುವ ಹೊತ್ತಿಗೆ ಅದು ದ್ರಾಕ್ಷಿಯಾಗಿತ್ತು. ಆ ದ್ರಾಕ್ಷಿಗಳನ್ನು ಡಬ್ಬಿಗೆ ತುಂಬುವ ಹೊತ್ತಿಗೆ ಮುಟ್ಟಿ ಹುಡುಕಬೇಕಾದ ಒಂದು ಗೆರೆ.

ಮಿರಜಿನ ಡಾಕ್ಟರು ಈ ಸಲವೂ ಟಾರ್ಚ್ ಹಿಡಿದರು. ಹೊಳೆಯಲಿಲ್ಲ. "ಒಳಗಿನ ಮಂದೀನ ಕೆಲಸ ಮುಗಿಸ್ಯಾರ," ಎಂದರು. ಸೋಂಕಿನ ವಿರುದ್ಧ ಎದ್ದ ಬಿಳಿ ಕಣಗಳು ಎಷ್ಟು ಜೋರಾಗಿ ಹೊಡೆದಾಡಿದವೆಂದರೆ ಚೀಲದ ಗೋಡೆಗಳೇ ಸುಟ್ಟು ಒಂದಕ್ಕೊಂದು ಅಂಟಿಕೊಂಡಿವೆ. ಅಪರೂಪಕ್ಕೆ ಹೀಗಾಗುವುದುಂಟು, ಹೊರದೇಶದಲ್ಲಿ ಕಸುವು ತೆಗೆದ ಸೂಕ್ಷ್ಮಾಣುಗಳನ್ನು ಚುಚ್ಚಿ ಬೇಕೆಂದೇ ಹೀಗೆ ಮಾಡಲು ನೋಡುತ್ತಿದ್ದಾರೆ ಎಂದರು. ಕಾಕಾನ ಸೀನಿನ ಕತೆಯನ್ನು ಅಪ್ಪ ಅವರಿಗೆ ಹೇಳಿದ್ದ. "ನಿಮ್ಮ ಕಾಕಾ ಸೂಜಿ ಇಲ್ಲದ ಮಾಡ್ಯಾರ. ಖರೆ ಮತ್ತೊಬ್ಬರಿಗೆ ಮಾಡಬ್ಯಾಡ ಅಂತ ಹೇಳ್ರಿ."

ಆ ಕೊನೆಯ ಮಾತನ್ನು ಅಪ್ಪ ಚಹಾದಂಗಡಿಯಲ್ಲಿ ಹೇಳಿದ. ಮೊದಲರ್ಧ ಮಾತ್ರ ಊರಿನಲ್ಲಿ ಉಳಿಯಿತು.

ಕಾಕಾನಿಗೆ ದುಃಖವೂ ಹೆಮ್ಮೆಯೂ ಒಟ್ಟಿಗೆ ಆದವು. ಹವಾಮಾನ ಹೋಯಿತು ಎಂದು ಹಲುಬುತ್ತಿದ್ದ, ಮರುಕ್ಷಣ, "ನನ್ನ ಒಂದ ಸೀನ! ಮಿರಜಿನ ಡಾಕ್ಟರ್ ಅಂದಾರ," ಎನ್ನುತ್ತಿದ್ದ.

ಬೇಸಿಗೆಯ ಒಂದು ಸಂಜೆ ಕಾಕಾನ ಕಟ್ಟೆಯ ಕಡೆ ಗದ್ದಲ ಕೇಳಿಸಿತು. ಅವ್ವ ಹೋಗಿ ನೋಡಿ ಬಂದಳು. ಚಿಂಚಲಿಯ ಕಡೆಯ ಕೂಲಿ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಬಂದಿದ್ದಾಳೆ, ಆರೇಳು ವರ್ಷದ ಹುಡುಗಿ, ಗಲ್ಲದ ಕೆಳಗೆ ಗಂಟು. ಸೀನು ಹಾಕಿಸಲು ಬಂದಿದ್ದಾಳೆ. ಕಾಕಾನಿಗೆ ಮತ್ತೆ ಮೂಗು ಕಟ್ಟಿ ಮೈ ಬಿಸಿಯಾಗಿದೆ. ಅದನ್ನು ಕೇಳಿಯೇ ಇವತ್ತೇ ಬಂದಿದ್ದಾಳೆ.

"ಹುಡಿಗೀದು ಮೆತ್ತಗೈತೇನ?" ಎಂದು ಕೇಳಿದೆ.

"ನಿಂದ ಇತ್ತಲ್ಲ, ಹಂಗ. ನಿಂಬಿಕಾಯಿ."

ಗಂಡಸರು ಕೂತ ಕಟ್ಟೆಗೆ ನಾನು ಅಲ್ಲಿಯವರೆಗೆ ಕಾಲಿಟ್ಟವಳಲ್ಲ. ಹೋದೆ. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಎತ್ತಿ ಹಿಡಿದಿದ್ದರು. ಎದುರಿಗೆ ಕಾಕಾ ಟೋಪಿ ಹಾಕಿ ನಿಂತಿದ್ದ. ಡಬ್ಬಿ ತೆರೆದಿತ್ತು. ಅವನ ಮುಖದಲ್ಲಿ ಹೆದರಿಕೆ ಕಾಣುತ್ತಿತ್ತು. ಆದರೆ ಇಷ್ಟು ಜನ ನೆರೆದ ಮೇಲೆ ಹಿಂದೆ ಸರಿಯುವಂತಿರಲಿಲ್ಲ. ಚಿಟಿಕೆ ಆಗಲೇ ಮೂಗಿನೊಳಗೆ ಹೋಗಿತ್ತು.

"ಕಾಕಾ, ತಡೀರಿ," ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಹುಡುಗಿಯ ಮುಂದೆ ಹೋಗಿ ನಿಂತೆ. ಸೆರಗು ತೆಗೆದೆ, ಜಡೆ ಹಿಂದಕ್ಕೆ ಹಾಕಿದೆ. ಕಟ್ಟೆಯ ಮೇಲಿನ ಗಂಡಸರೆಲ್ಲ ಒಮ್ಮೆಲೇ ಬೀದಿಯ ಕಡೆ ತಿರುಗಿದರು.

"ಈ ಕಡೆ ನೋಡ್ರಿ," ಎಂದೆ. "ಇಷ್ಟ ದಿನ ಕೇಳೀರಿ, ಈಗ ನೋಡ್ರಿ. ಇದು ಕರಗಿದ್ದು ನಮ್ಮ ನಶೀಬ. ಆವತ್ತ ಜೀಪಿನಾಗ ನನಗ ಉಸಿರ ಬರವಲ್ತಾಗಿತ್ತ. ನನ್ನ ಗಂಟಲ ಇಷ್ಟ ಅಗಲ ಐತಿ. ಈಕೀದ ಎಷ್ಟಿರತೈತಿ?"

ಕಾಕಾನ ಕಣ್ಣು ಅಗಲವಾದವು. ಮಾತು ಅವನಿಗೆ ಅರ್ಥವಾಗಿತ್ತು, ತಪಕೀರಿಗೆ ಅರ್ಥವಾಗಿರಲಿಲ್ಲ. ಎರಡೂ ಕೈಯಲ್ಲಿ ಮೂಗು ಹಿಡಿದುಕೊಂಡು, ಕೂತವರ ಕಾಲು ತುಳಿಯುತ್ತ, ಟೋಪಿ ಬೀಳಿಸಿಕೊಂಡು, ಮನೆ ಸುತ್ತಿ ಹಿತ್ತಲಿಗೆ ಓಡಿದ. ಅಲ್ಲಿಂದ ಒಂದು ಸೀನು ಕೇಳಿಸಿತು, ಅದರ ಹಿಂದೆ ಎಮ್ಮೆ ಕೂಗಿದ್ದು ಕೇಳಿಸಿತು.

"ಎಮ್ಮಿಗೆ ಕೊಟ್ಟ ಬಂದ್ನಿ," ಎಂದ ವಾಪಸು ಬಂದು, ಕಣ್ಣು ಒರೆಸಿಕೊಳ್ಳುತ್ತ. ನನ್ನ ಕುತ್ತಿಗೆಯನ್ನು ಅವನು ಆಗ ಮೊದಲ ಸಲ ನೋಡಿದ. "ಅಷ್ಟ ಆಗಿತ್ತೇನವಾ ನಿನಗ?"

"ಹೌದ್ರಿ."

ಅವನು ಡಬ್ಬಿ ಮುಚ್ಚಿ ಕಿಸೆಗೆ ಹಾಕಿಕೊಂಡು ದೂರ ಹೋಗಿ ಕೂತ. ಹುಡುಗಿಯ ತಾಯಿಗೆ ಮಾತ್ರ ಮೋಸವಾದಂತೆ ಅನ್ನಿಸಿತ್ತು. "ನಿಮ್ಮದ ಕರಗೇತಿ. ನಮ್ಮದ ಯಾಕ ಬ್ಯಾಡಂತೀರಿ?" ಎಂದಳು.

"ಬ್ಯಾಡ ಅನ್ನಾಂಗಿಲ್ಲ. ಮಿರಜಿನಾಗ ಒಬ್ರ ಡಾಕ್ಟರ್ ಅದಾರ. ನಾ ಕರಕೊಂಡ ಹೋಗ್ತೀನಿ."

ಅವಳು ನನ್ನ ಮುಖವನ್ನೂ ಕುತ್ತಿಗೆಯನ್ನೂ ನೋಡಿದಳು. "ಮುಟ್ಟಲೇನ್ರಿ?" ಎಂದಳು. ಒಪ್ಪಿಗೆ ಕೇಳಿ ಅದನ್ನು ಮುಟ್ಟಿದವಳು ಅವಳೊಬ್ಬಳೇ. ಅವಳ ಬೆರಳು ಒರಟಾಗಿತ್ತು. ಗೆರೆ ಸಿಗುವವರೆಗೆ ಮೆಲ್ಲಗೆ ಹುಡುಕಿದಳು.

ಆ ಹೊತ್ತಿಗೆ ಚಿಂಚಲಿಗೆ ಬಸ್ಸಿರಲಿಲ್ಲ. ಅವ್ವ ಇಬ್ಬರನ್ನೂ ನಮ್ಮ ಮನೆಯಲ್ಲೇ ಉಳಿಸಿಕೊಂಡಳು.

ಮರುದಿನ ಬೆಳಿಗ್ಗೆ ನಾನು ಅವರನ್ನು ಮಿರಜಿನ ಮೊದಲ ಬಸ್ಸಿಗೆ ಹತ್ತಿಸಿ, ನಾನೂ ಹತ್ತಿ, ಕಂಡಕ್ಟರನಿಗೆ ಎರಡೂವರೆ ಟಿಕೀಟು ಎಂದೆ. ಕಾಗವಾಡದಲ್ಲಿ ಹತ್ತಿದವನೊಬ್ಬ ನಮ್ಮ ಮುಂದಿನ ಸೀಟಿನಲ್ಲಿ ಕೂತು ಸೀನಿದ. ನಾನು ಎದ್ದು, ಇಬ್ಬರನ್ನೂ ಕೊನೆಯ ಸೀಟಿಗೆ ಕರೆದುಕೊಂಡು ಹೋಗಿ, ಗಾಳಿ ಬರಲೆಂದು ಹುಡುಗಿಯ ಪಕ್ಕದ ಕಿಟಕಿಯನ್ನು ಪೂರ್ತಿ ಮೇಲೆತ್ತಿ ತೆರೆದೆ.